ಸೊರಗಿದ ತೋಳಿನ ಸಾಹಸ

ಮೈಸೂರಿನಿಂದ ತೆಂಕಣಕ್ಕೆ ಹೊರಟ ದಾರಿಯು ನಂಜನಗೂಡನ್ನು ದಾಟಿದ ಬಳಿಕ ಕವಲೊಡೆಯುತ್ತದೆ. ಒಂದು ಕವಲು ಚಾಮರಾಜನಗರಕ್ಕೆ, ಮತ್ತೊಂದು ಗುಂಡ್ಲುಪೇಟೆಗೆ. ಎರಡೂ ಊರುಗಳು ಮೈಸೂರಿಗೆ ಸುಮಾರು 60 ಕಿಲೋಮೀಟರ್ ದೂರದವು. ಅರಿಸಿನದ ಹೊಲಗಳೂ ಚೆಂಡುಹೂವಿನ ತಾಕುಗಳೂ ಮುಗಿದಲ್ಲಿ, ಊರ ಹೊರಗಿನ ಬಯಲಿನಲ್ಲಿ, ಭಾನುವಾರ ಬೆಳಗಾದರೆ ಹುಡುಗರು ಮೂರು ಕೋಲುಗಳನ್ನು ನೆಟ್ಟು ಕ್ರಿಕೆಟ್ ಆಡುವ ನೋಟ ಎರಡೂ ಕಡೆ ಒಂದೇ. ಅಂಥ ಹುಡುಗನೊಬ್ಬನು ಒಂದು ದಿನ ಭುಜವನ್ನು ಹಿಡಿದುಕೊಂಡು ಮನೆಗೆ ಬಂದನೆಂದರೆ ಅಡುಗೆಮನೆಯಿಂದ ಕೇಳಿಬರುವ ತೀರ್ಪೂ ಒಂದೇ: "ಸಾಕು ಕಣಪ್ಪ, ಇನ್ನು ಆಟಗೀಟ ಎಲ್ಲ ಬೇಡ!"

ಈ ತೀರ್ಪಿಗೆ ಕಾರಣವಿಲ್ಲದಿಲ್ಲ. ಪರೀಕ್ಷೆ ಹತ್ತಿರ ಬಂದಿರುತ್ತದೆ. ಆಸ್ಪತ್ರೆಯ ಖರ್ಚಿನ ಭಯವಿರುತ್ತದೆ. ಕೈ ಊನವಾದರೆ ಮುಂದೇನು ಎಂಬ ಹೆತ್ತಕರುಳಿನ ಕಳವಳವಿರುತ್ತದೆ. ಆದರೆ ಗಾಯವಾದೊಡನೆ ಆಟವೇ ಮುಗಿಯಿತೆಂದು ಬಗೆಯುವವರು ಅದೇ ಸೀಮೆಯ ಇಬ್ಬರು ಆಟಗಾರರ ಚರಿತ್ರೆಯನ್ನು ಒಮ್ಮೆ ಅವಲೋಕಿಸುವುದು ಒಳ್ಳೆಯದು. ಚಾಮರಾಜನಗರವೂ ಗುಂಡ್ಲುಪೇಟೆಯೂ 1997ರವರೆಗೆ ಮೈಸೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಆ ಅವಿಭಜಿತ ಜಿಲ್ಲೆಯ ಮುಖ್ಯಪಟ್ಟಣದಲ್ಲಿ ಹುಟ್ಟಿದ ಇಬ್ಬರು ಬೌಲರುಗಳು, ಒಬ್ಬರು ತೋಳಿನ ಊನವನ್ನೂ ಅಪಘಾತವನ್ನೂ, ಇನ್ನೊಬ್ಬರು ಭುಜದ ಶಸ್ತ್ರಚಿಕಿತ್ಸೆಯನ್ನೂ ದಾಟಿ ಭಾರತದ ಪರವಾಗಿ ಮತ್ತೆ ಚೆಂಡನ್ನು ಕೈಗೆತ್ತಿಕೊಂಡರು. ಮೊದಲನೆಯವರು ಬಿ. ಎಸ್. ಚಂದ್ರಶೇಖರ್, ಎರಡನೆಯವರು ಜಾವಗಲ್ ಶ್ರೀನಾಥ್.

ಭಾಗವತ ಸುಬ್ರಹ್ಮಣ್ಯ ಚಂದ್ರಶೇಖರ್ ಅವರು 1945ರ ಮೇ 17ರಂದು ಮೈಸೂರಿನಲ್ಲಿ ಜನಿಸಿದರು. ಐದಾರು ವರ್ಷದ ಬಾಲಕನಾಗಿದ್ದಾಗ ಅವರಿಗೆ ಪೋಲಿಯೋ ತಗುಲಿತು. ಆ ಕಾಲಕ್ಕೆ ಈ ವ್ಯಾಧಿಗೆ ಲಸಿಕೆಯೆಂಬುದೇ ಇರಲಿಲ್ಲ. ಅಮೆರಿಕದ ಜೋನಾಸ್ ಸಾಕ್ ಅವರು ಸಿದ್ಧಪಡಿಸಿದ ಲಸಿಕೆ ಬಳಕೆಗೆ ಬಂದುದು 1955ರಲ್ಲಿ. ರೋಗವು ಪ್ರಾಣವನ್ನು ಉಳಿಸಿತು, ಬಲಗೈಯನ್ನು ಮಾತ್ರ ಸೊರಗಿಸಿಬಿಟ್ಟಿತು. ಮಾಂಸಖಂಡಗಳು ಬೆಳೆಯಲಿಲ್ಲ, ತೋಳು ಬಡಕಲಾಗಿಯೇ ಉಳಿಯಿತು. ಹತ್ತು ವರ್ಷವಾಗುವ ವೇಳೆಗೆ ಆ ಕೈಗೆ ಆಟವಾಡುವಷ್ಟು ಚೇತನ ಮರಳಿತ್ತು.

ಇಂಥ ಬಾಲಕನನ್ನು ಒಳಗೆ ಕೂರಿಸಿ, ಪುಸ್ತಕವನ್ನು ಮಾತ್ರ ಕೈಗಿಡುವುದು ಯಾವ ಮನೆಯಲ್ಲಾದರೂ ಸಹಜ. ಆದರೆ ಚಂದ್ರಶೇಖರ್ ಆಡಿದರು. ಕುಟುಂಬವು ಬೆಂಗಳೂರಿಗೆ ಬಂದ ಮೇಲೆ ಬೀದಿಯ ಆಟದಿಂದ ಸಿಟಿ ಕ್ರಿಕೆಟರ್ಸ್ ಸಂಘದ ಆಟಕ್ಕೆ ಏರಿದರು. ಮೈದಾನದ ಅಂಚಿನಿಂದ ಚೆಂಡನ್ನು ಎಸೆಯಬೇಕಾದಾಗ ಅವರು ಎಡಗೈಯನ್ನು ಬಳಸುತ್ತಿದ್ದರು. ಬೌಲ್ ಮಾಡುವುದಕ್ಕೆ ಮಾತ್ರ ಸೊರಗಿದ ಬಲಗೈಯೇ. ಇದು ಹಟವೋ ವಿವೇಕವೋ ಎಂದು ಕೇಳಿದರೆ ಎರಡೂ ಎನ್ನಬೇಕು. ಆ ತೆಳುವಾದ ತೋಳು ಚಾಟಿಯಂತೆ ಬೀಸುತ್ತಿತ್ತು. ಮಣಿಕಟ್ಟು ಅಸಾಧಾರಣವಾಗಿ ಬಾಗುತ್ತಿತ್ತು. ಸಾಮಾನ್ಯವಾಗಿ ಲೆಗ್‌ಸ್ಪಿನ್ ಬೌಲರುಗಳು ನಾಲ್ಕು ಹೆಜ್ಜೆ ನಡೆದು ಚೆಂಡನ್ನು ಗಾಳಿಯಲ್ಲಿ ತೇಲಿಸುತ್ತಾರೆ. ಚಂದ್ರಶೇಖರರಾದರೋ ಉದ್ದನೆಯ ಓಟ ಓಡಿಬಂದು ಮಧ್ಯಮವೇಗದಲ್ಲಿ ಗೂಗ್ಲಿಯನ್ನೂ ಟಾಪ್‌ಸ್ಪಿನ್ನನ್ನೂ ಎಸೆಯುತ್ತಿದ್ದರು. ಚೆಂಡು ಯಾವ ಕಡೆಗೆ ತಿರುಗುವುದೆಂದು ದಾಂಡಿಗನು ಯೋಚಿಸುವಷ್ಟರಲ್ಲಿ ಅದು ಅವನನ್ನು ದಾಟಿ ಹೋಗಿರುತ್ತಿತ್ತು.

1963–64ರ ಋತುವಿನಲ್ಲಿ ಮೈಸೂರು ರಾಜ್ಯದ ಪರವಾಗಿ ರಣಜಿ ಪಂದ್ಯಗಳಿಗೆ ಕಾಲಿಟ್ಟ ತರುಣನು ಅದೇ ಋತುವಿನಲ್ಲಿ, 1964ರ ಜನವರಿಯಲ್ಲಿ, ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ಟೆಸ್ಟ್ ಆಡಿದನು. ಆಗ ವಯಸ್ಸು 18. ಮೊದಲ ಇನಿಂಗ್ಸಿನಲ್ಲೇ 67 ರನ್ನುಗಳಿಗೆ 4 ವಿಕೆಟ್ಟುಗಳು! 1966ರ ಡಿಸೆಂಬರಿನಲ್ಲಿ ಅದೇ ಮುಂಬಯಿಯಲ್ಲಿ ವೆಸ್ಟ್ ಇಂಡೀಸಿನ ಘಟಾನುಘಟಿಗಳ ಎದುರು ಒಂದೇ ಪಂದ್ಯದಲ್ಲಿ 11 ವಿಕೆಟ್ಟುಗಳು. 1967ರ ಇಂಗ್ಲೆಂಡ್ ಪ್ರವಾಸದಲ್ಲಿ ಮೂರು ಟೆಸ್ಟುಗಳಿಂದ 16. ಇಪ್ಪತ್ತೆರಡು ವರ್ಷದ ಆಟಗಾರನಿಗೆ ಇನ್ನೇನು ಬೇಕು?

ವಿಧಿಯ ಎಣಿಕೆ ಬೇರೆಯಾಗಿತ್ತು. 1967–68ರ ಆಸ್ಟ್ರೇಲಿಯ ಪ್ರವಾಸದಲ್ಲಿ ಎರಡು ಟೆಸ್ಟುಗಳನ್ನು ಆಡುವಷ್ಟರಲ್ಲಿ ಗಾಯಗೊಂಡ ಚಂದ್ರಶೇಖರ್ ನಡುವೆಯೇ ತಾಯ್ನಾಡಿಗೆ ಮರಳಬೇಕಾಯಿತು. ಅದು ಸಾಲದೆಂಬಂತೆ ಊರಿಗೆ ಬಂದ ಮೇಲೆ ಸ್ಕೂಟರ್ ಅಪಘಾತವಾಯಿತು. ಸುಮಾರು ಮೂರೂವರೆ ವರ್ಷ ಅವರು ಒಂದು ಟೆಸ್ಟನ್ನೂ ಆಡಲಿಲ್ಲ. ಆ ಅವಧಿಯಲ್ಲಿ ಬೇಡಿ, ಪ್ರಸನ್ನ, ವೆಂಕಟರಾಘವನ್ ಅವರು ತಂಡದಲ್ಲಿ ನೆಲೆಯೂರಿದರು. 1971ರ ಆರಂಭದಲ್ಲಿ ಅಜಿತ್ ವಾಡೇಕರರ ತಂಡವು ವೆಸ್ಟ್ ಇಂಡೀಸಿನಲ್ಲಿ ಸರಣಿಯನ್ನು ಗೆದ್ದು ಇತಿಹಾಸವನ್ನು ಸೃಷ್ಟಿಸಿದಾಗ ಆ ತಂಡದಲ್ಲಿ ಚಂದ್ರಶೇಖರ್ ಇರಲಿಲ್ಲ. ಗೆಲ್ಲುತ್ತಿರುವ ತಂಡದೊಳಕ್ಕೆ ಹೊರಗಿನವನು ನುಗ್ಗುವುದು ಎಷ್ಟು ಕಷ್ಟವೆಂಬುದನ್ನು ಹೇಳಬೇಕಾಗಿಲ್ಲ. ಗಾಯದ ನೋವಿಗಿಂತ ಮರೆತುಹೋಗುವೆನೆಂಬ ಭಯವೇ ಆಟಗಾರನನ್ನು ಹೆಚ್ಚು ಬಾಧಿಸುವುದುಂಟು.

ಅದೇ 1971ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೊರಟ ತಂಡದಲ್ಲಿ ಅವರಿಗೆ ಮತ್ತೆ ಸ್ಥಾನ ದೊರೆಯಿತು. ಮೊದಲೆರಡು ಟೆಸ್ಟುಗಳು ಸಮವಾದವು. ಮೂರನೆಯದು ಲಂಡನ್ನಿನ ಓವಲ್ ಮೈದಾನದಲ್ಲಿ. ಇಂಗ್ಲೆಂಡ್ 355, ಭಾರತ 284. 71 ರನ್ನುಗಳ ಮುನ್ನಡೆಯೊಡನೆ ಎರಡನೆಯ ಇನಿಂಗ್ಸನ್ನು ಆರಂಭಿಸಿದ ಇಂಗ್ಲೆಂಡಿಗೆ ಸೋಲಿನ ಶಂಕೆಯೇ ಇರಲಿಲ್ಲ. ಮೊದಲು ಜೇಮ್ಸನ್ ರನ್‌ಔಟಾದರು. ದಾಂಡಿಗನ ಹೊಡೆತವು ಚಂದ್ರಶೇಖರರ ಕೈಗೆ ತಾಕಿ ಎದುರು ತುದಿಯ ವಿಕೆಟ್ಟಿಗೆ ಬಡಿದಿತ್ತು. ಊಟದ ವಿರಾಮಕ್ಕೆ ತುಸು ಮೊದಲು ಎಡ್ರಿಚ್ ಮತ್ತು ಫ್ಲೆಚರ್ ಒಂದರ ಹಿಂದೆ ಒಂದು ಚೆಂಡಿಗೆ ನಿರ್ಗಮಿಸಿದರು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಇಂಗ್ಲೆಂಡ್ 101ಕ್ಕೆ ಉರುಳಿತ್ತು. ಚಂದ್ರಶೇಖರರ ಪಾಲಿಗೆ 38 ರನ್ನುಗಳಿಗೆ 6 ವಿಕೆಟ್ಟುಗಳು.

ಆಗಸ್ಟ್ 24ರಂದು ಭಾರತವು ನಾಲ್ಕು ವಿಕೆಟ್ಟುಗಳಿಂದ ಗೆದ್ದಿತು. ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊತ್ತಮೊದಲ ಟೆಸ್ಟ್ ವಿಜಯ, ಮೊದಲ ಸರಣಿ ವಿಜಯ. ಅಂದು ಗಣೇಶ ಚತುರ್ಥಿ. ಭಾರತೀಯ ಅಭಿಮಾನಿಗಳು ಚೆಸ್ಸಿಂಗ್ಟನ್ ಪ್ರಾಣಿಸಂಗ್ರಹಾಲಯದಿಂದ ಬೆಲ್ಲಾ ಎಂಬ ಆನೆಯನ್ನು ಮೈದಾನಕ್ಕೆ ಕರೆತಂದಿದ್ದರು. ಬಂಡೀಪುರದ ಅಂಚಿನಲ್ಲಿ ಬಾಳುವ ಗುಂಡ್ಲುಪೇಟೆಯ ಜನರಿಗೆ ಆನೆಯೆಂದರೆ ಹೊಸದೇನಲ್ಲ. ಲಂಡನ್ನಿನ ಕ್ರಿಕೆಟ್ ಮೈದಾನದಲ್ಲಿ ಗಣೇಶನ ಹಬ್ಬಕ್ಕೆ ಆನೆ ಬಂದಿತೆಂದರೆ ಅವರಿಗೂ ಬೆರಗೇ! ದಶಕಗಳ ಬಳಿಕ, 2002ರಲ್ಲಿ, ವಿಸ್ಡನ್ ಸಂಸ್ಥೆಯು ಭಾರತದ ಶತಮಾನದ ಅತ್ಯುತ್ತಮ ಬೌಲಿಂಗ್ ಸಾಧನೆಯೆಂದು ಆರಿಸಿದುದು ಈ 38ಕ್ಕೆ 6ನ್ನೇ.

ಒಂದು ದಿನದ ಬೆಳಕು ಮಾತ್ರವಾಗಿದ್ದರೆ ಇದನ್ನು ಅದೃಷ್ಟವೆನ್ನಬಹುದಿತ್ತು. ಆದರೆ 1972–73ರಲ್ಲಿ ಇಂಗ್ಲೆಂಡಿನ ವಿರುದ್ಧ ಸ್ವದೇಶದಲ್ಲಿ ಐದು ಟೆಸ್ಟುಗಳಿಂದ ಅವರು ಪಡೆದ ವಿಕೆಟ್ಟುಗಳು 35. 1973–74ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾದ ಋತುವಿನಲ್ಲೇ, ಪ್ರಸನ್ನರ ನಾಯಕತ್ವದಲ್ಲಿ ಮುಂಬಯಿಯ ಹದಿನೈದು ವರ್ಷಗಳ ರಣಜಿ ದೊರೆತನವನ್ನು ಮುರಿದ ತಂಡದಲ್ಲಿ ಅವರಿದ್ದರು. 1978ರ ಹೊಸವರ್ಷದ ಹೊತ್ತಿಗೆ ಮೆಲ್ಬರ್ನ್ ಟೆಸ್ಟಿನಲ್ಲಿ ಎರಡೂ ಇನಿಂಗ್ಸುಗಳಲ್ಲಿ 52ಕ್ಕೆ 6. ಆಸ್ಟ್ರೇಲಿಯದ ನೆಲದಲ್ಲಿ ಭಾರತದ ಪ್ರಥಮ ಟೆಸ್ಟ್ ವಿಜಯಕ್ಕೆ ಅದೇ ಕಾರಣವಾಯಿತು. ಹತ್ತು ವರ್ಷಗಳ ಹಿಂದೆ ಗಾಯಾಳುವಾಗಿ ಹಿಂದಿರುಗಿದ್ದುದು ಅದೇ ದೇಶದಿಂದ. 1979ರಲ್ಲಿ ನಿವೃತ್ತರಾಗುವ ವೇಳೆಗೆ 58 ಟೆಸ್ಟುಗಳಿಂದ 242 ವಿಕೆಟ್ಟುಗಳು ಅವರ ಲೆಕ್ಕದಲ್ಲಿದ್ದವು. ದಾಂಡನ್ನು ಹಿಡಿದು ಗಳಿಸಿದ ಒಟ್ಟು ರನ್ನುಗಳು ಮಾತ್ರ 167! ಪಡೆದ ವಿಕೆಟ್ಟಿಗಿಂತ ಹೊಡೆದ ರನ್ ಕಡಮೆಯಾದ ಈ ವೈಚಿತ್ರ್ಯವನ್ನು ಕ್ರಿಕೆಟ್ ರಸಿಕರು ಪ್ರೀತಿಯಿಂದ ನೆನೆಯುತ್ತಾರೆ.

ಇನ್ನು ಶ್ರೀನಾಥರ ಕಥೆ. 1969ರ ಆಗಸ್ಟ್ 31ರಂದು ಮೈಸೂರಿನಲ್ಲಿ ಜನಿಸಿ, ಮರಿಮಲ್ಲಪ್ಪ ಶಾಲೆಯಲ್ಲಿ ಓದಿ, ಮೈಸೂರಿನಲ್ಲೇ ಎಂಜಿನಿಯರಿಂಗ್ ವ್ಯಾಸಂಗ ಮಾಡಿದ ಈ ಎತ್ತರದ ತರುಣ, ಕರ್ನಾಟಕದ ಪರವಾಗಿ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಸಾಧಿಸಿದವರು. 1991ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಟೆಸ್ಟ್ ಜೀವನ ಆರಂಭ. 1996ರಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕವನ್ನು 21 ರನ್ನುಗಳಿಗೆ 6 ವಿಕೆಟ್ ಪಡೆದು ಕೆಡವಿದಾಗ ಅವರ ಕೀರ್ತಿ ಉತ್ತುಂಗದಲ್ಲಿತ್ತು. ಮರುವರ್ಷವೇ ಭುಜವು ಸೋತಿತು. 1997ರ ವೆಸ್ಟ್ ಇಂಡೀಸ್ ಪ್ರವಾಸ ಕೈತಪ್ಪಿ, ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು. ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾದುದೂ ಅದೇ ವರ್ಷ.

ಸೋತದ್ದು ಭುಜದ ಯಾವ ಭಾಗ? ತೋಳಿನ ಮೂಳೆಯ ದುಂಡನೆಯ ತಲೆಯು ಹೆಗಲ ಮೂಳೆಯ ಆಳವಿಲ್ಲದ ಬಟ್ಟಲಿನಲ್ಲಿ ಕುಳಿತಿರುತ್ತದೆ. ಬಟ್ಟಲು ಆಳವಾಗಿಲ್ಲದ ಕಾರಣದಿಂದಲೇ ತೋಳನ್ನು ಎಲ್ಲ ದಿಕ್ಕಿಗೂ ತಿರುಗಿಸಲು ಸಾಧ್ಯ. ಅದೇ ಕಾರಣದಿಂದ ಆ ಕೀಲು ಜಾರುವುದೂ ಸುಲಭ. ನಾಲ್ಕು ಮಾಂಸಖಂಡಗಳೂ ಅವುಗಳ ಸ್ನಾಯುರಜ್ಜುಗಳೂ ಅದನ್ನು ಸುತ್ತಲಿಂದ ಬಿಗಿದು ಹಿಡಿದಿರುತ್ತವೆ. ಇದನ್ನೇ ವೈದ್ಯರು ರೊಟೇಟರ್ ಕಫ್ ಎನ್ನುತ್ತಾರೆ. ವೇಗದ ಬೌಲರನು ಸಾವಿರಾರು ಬಾರಿ ತೋಳನ್ನು ತಲೆಯ ಮೇಲಿಂದ ಬೀಸಿದಾಗ ಈ ರಜ್ಜುಗಳು ಬಾವಿನ ಹಗ್ಗದಂತೆ ಎಳೆಎಳೆಯಾಗಿ ಸವೆಯುತ್ತವೆ. ಒಂದು ದಿನ ಹಗ್ಗವು ಹರಿಯುತ್ತದೆ.

ಹರಿದುದನ್ನು ಹೊಲಿಯುವುದು ಶಸ್ತ್ರವೈದ್ಯರ ಕೆಲಸ. ಆದರೆ ಹೊಲಿದ ಮಾತ್ರಕ್ಕೆ ಬೌಲರು ಹುಟ್ಟುವುದಿಲ್ಲ. ಮೊದಲು ಕೈಯನ್ನು ಜೋಲಿಯಲ್ಲಿ ಕಟ್ಟಿ ವಿಶ್ರಾಂತಿ, ಬಳಿಕ ಇನ್ನೊಬ್ಬರ ನೆರವಿನಿಂದ ತೋಳನ್ನು ಮೆಲ್ಲಗೆ ಎತ್ತುವುದು, ಆಮೇಲೆ ತಾನೇ ಎತ್ತುವುದು, ಮುಂದೆ ಹಗುರವಾದ ಭಾರ, ಕಟ್ಟಕಡೆಗೆ ಚೆಂಡು. ಪ್ರತಿಯೊಂದು ಮೆಟ್ಟಿಲಿಗೂ ವಾರಗಳು ಬೇಕು. ಕ್ರೀಡಾಂಗಣದಲ್ಲಿ ಚಪ್ಪಾಳೆಯುಂಟು, ಈ ಮೆಟ್ಟಿಲುಗಳಲ್ಲಿ ಯಾವ ಚಪ್ಪಾಳೆಯೂ ಇಲ್ಲ.

1997 ಮುಗಿಯುವ ಮೊದಲೇ ಶ್ರೀನಾಥ್ ತಂಡಕ್ಕೆ ಮರಳಿದರು. ಮರಳಿ ಬಂದವರು ಹಳೆಯ ಶ್ರೀನಾಥರೇ ಎಂಬ ಪ್ರಶ್ನೆಗೆ 1999ರ ಫೆಬ್ರವರಿಯಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸಿನಲ್ಲಿ ಉತ್ತರ ದೊರೆಯಿತು. ಪಾಕಿಸ್ತಾನದ ವಿರುದ್ಧ ಒಂದು ಇನಿಂಗ್ಸಿನಲ್ಲಿ 46ಕ್ಕೆ 5, ಮತ್ತೊಂದರಲ್ಲಿ 86ಕ್ಕೆ 8. ಒಟ್ಟು 13 ವಿಕೆಟ್ಟುಗಳು. ಭಾರತವು ಆ ಪಂದ್ಯವನ್ನು ಸೋತಿತೆಂಬುದು ಬೇರೆ ಮಾತು. ಹೊಲಿದ ಭುಜವು ಸೋಲಲಿಲ್ಲ. 67 ಟೆಸ್ಟುಗಳಿಂದ 236, ಏಕದಿನ ಪಂದ್ಯಗಳಿಂದ 315 ವಿಕೆಟ್ಟುಗಳನ್ನು ಪಡೆದು, 2003ರ ವಿಶ್ವಕಪ್ ಅಂತಿಮ ಪಂದ್ಯದವರೆಗೂ ಆಡಿ ಅವರು ವಿರಮಿಸಿದರು. 2006ರಿಂದ ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾದರು.

ಭುಜದ ಈ ಕಥೆಯು ಕ್ರಿಕೆಟ್ಟಿಗೆ ಮಾತ್ರ ಸೇರಿದುದಲ್ಲ. ಅಮೆರಿಕನ್ನರ ಫುಟ್‌ಬಾಲ್ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನಿರುತ್ತಾನೆ. ಹೆಸರಿಗೆ ಕಾಲ್ಚೆಂಡಾದರೂ ಅವನ ಬಾಳೆಲ್ಲ ಕೈಯೆಸೆತದ ಮೇಲೆ ನಿಂತಿದೆ. ಧಾವಿಸಿ ಬರುವ ಎದುರಾಳಿಗಳ ನಡುವೆ ನಿಂತು ಚೆಂಡನ್ನು ದೂರದ ಸಂಗಾತಿಗೆ ಗುರಿಯಿಟ್ಟು ಎಸೆಯುವವನು ಅವನು. ಡ್ರೂ ಬ್ರೀಸ್ ಎಂಬ ಪ್ರಖ್ಯಾತ ಕ್ವಾರ್ಟರ್‌ಬ್ಯಾಕನ ಎಸೆಯುವ ಕೈಯ ಭುಜವು 2005ರ ಡಿಸೆಂಬರ್ 31ರಂದು ಕೀಲು ತಪ್ಪಿ ಹರಿಯಿತು. ಅವನ ಹಳೆಯ ತಂಡವಾದ ಸ್ಯಾನ್ ಡಿಯೇಗೊದೊಡನೆ ಸಂಬಂಧ ಮುಗಿಯಿತು. ಶಸ್ತ್ರಚಿಕಿತ್ಸೆಯ ತರುವಾಯ ಅವನನ್ನು ಕರೆದುಕೊಂಡುದು 2005ರ ಚಂಡಮಾರುತದಿಂದ ನಲುಗಿದ್ದ ನ್ಯೂ ಆರ್ಲಿಯನ್ಸ್ ನಗರದ ತಂಡ. 2010ರ ಫೆಬ್ರವರಿಯಲ್ಲಿ ಆ ತಂಡವು ರಾಷ್ಟ್ರದ ಅತ್ಯುನ್ನತ ಪಂದ್ಯವಾದ ಸೂಪರ್ ಬೌಲನ್ನು ಗೆದ್ದಿತು. ನಗರವೂ ಆಟಗಾರನೂ ಒಟ್ಟಿಗೆ ಎದ್ದುನಿಂತರು.

ಇಂಥ ಕಥೆಗಳನ್ನು ಕೇಳಿ ಎಳೆಯರು ತಪ್ಪು ಪಾಠವನ್ನು ಕಲಿಯುವ ಅಪಾಯವೂ ಉಂಟು. 2002ರ ಮೇ ತಿಂಗಳಿನಲ್ಲಿ ಆಂಟಿಗುವಾದಲ್ಲಿ ಅನಿಲ್ ಕುಂಬ್ಳೆಯವರು ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು 14 ಓವರುಗಳನ್ನು ಎಸೆದು ಬ್ರಯನ್ ಲಾರಾರ ವಿಕೆಟ್ಟನ್ನು ಪಡೆದ ಸಾಹಸವನ್ನು ಅರಿಯದವರಿಲ್ಲ. ಅದು ಪ್ರೌಢ ಆಟಗಾರನೊಬ್ಬನು ತಿಳಿದೇ ಕೈಗೊಂಡ ನಿರ್ಧಾರ. ಅದೇ ಕುಂಬ್ಳೆಯವರು ಅದಕ್ಕೆ ಮುನ್ನ ಭುಜದ ಶಸ್ತ್ರಚಿಕಿತ್ಸೆಗಾಗಿ ತಿಂಗಳುಗಟ್ಟಲೆ ಆಟದಿಂದ ದೂರ ಉಳಿದು, 2001ರ ಪ್ರಸಿದ್ಧ ಆಸ್ಟ್ರೇಲಿಯ ಸರಣಿಯನ್ನೇ ತ್ಯಜಿಸಿದ್ದರೆಂಬುದನ್ನು ಮಾತ್ರ ಯಾರೂ ಕಥೆಮಾಡಿ ಹೇಳುವುದಿಲ್ಲ. 619 ಟೆಸ್ಟ್ ವಿಕೆಟ್ಟುಗಳ ಹಿಂದೆ ಆ ಪಟ್ಟಿ ಸುತ್ತಿದ ದವಡೆಗಿಂತ ಈ ತಾಳ್ಮೆಯ ಪಾಲು ದೊಡ್ಡದು.

ಗುಂಡ್ಲುಪೇಟೆಯ ಅಥವಾ ಚಾಮರಾಜನಗರದ ಮನೆಯೊಂದರಲ್ಲಿ ಮಗನೋ ಮಗಳೋ ಭುಜ ಹಿಡಿದು ಬಂದಾಗ ಮಾಡಬೇಕಾದುದೇನು? ಅರಿಸಿನ ಬೆಳೆಯುವ ನಾಡಿನಲ್ಲಿ ಅರಿಸಿನದ ಪಟ್ಟು ಹಾಕುವ ಕೈ ಮೊದಲು ಮುಂದೆ ಬರುವುದು ಸಹಜ. ಅದು ಮನೆಯವರ ಅಕ್ಕರೆ. ಆದರೆ ತೋಳನ್ನು ತಲೆಯ ಮೇಲಕ್ಕೆ ಎತ್ತಲು ಆಗದಿದ್ದರೆ, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದಷ್ಟು ನೋವಿದ್ದರೆ, ಭುಜದ ಆಕಾರವೇ ಬದಲಾದಂತೆ ಕಂಡರೆ ಎಣ್ಣೆ ತಿಕ್ಕಿಸುವುದೂ ಕೈಯನ್ನು ಎಳೆಸುವುದೂ ಸಲ್ಲದು. ಮುರಿದ ಮೂಳೆಯನ್ನೋ ಹರಿದ ರಜ್ಜುವನ್ನೋ ತಿಕ್ಕುವುದರಿಂದ ಕೇಡೇ ಹೆಚ್ಚು. ಅಂಥ ಕೈಯನ್ನು ಅಲುಗದಂತೆ ಬಟ್ಟೆಯ ಜೋಲಿಯಲ್ಲಿ ಕಟ್ಟಿ ಮೂಳೆವೈದ್ಯರಲ್ಲಿಗೆ ಕರೆದೊಯ್ಯಬೇಕು. ಹಿಂದೆ ಇದಕ್ಕಾಗಿ ಮೈಸೂರಿನ ಬಸ್ಸನ್ನೇ ಕಾಯಬೇಕಾಗಿತ್ತು. 2016ರಲ್ಲಿ ಚಾಮರಾಜನಗರದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮೇಲೆ ಹಾದುಹೋದರೆ ಅಲ್ಲಿಗೆ ಒಂದು ಗಂಟೆಯ ಹಾದಿ.

ವೈದ್ಯರು ಆರು ವಾರ ವಿಶ್ರಾಂತಿಯೆಂದರೆ ಆರು ವಾರವೇ. ಮೂರನೆಯ ವಾರದಲ್ಲಿ ನೋವು ಕಡಮೆಯಾಯಿತೆಂದು ಬಯಲಿಗೆ ಓಡುವವನು ಮತ್ತೆ ಮೊದಲ ಮೆಟ್ಟಿಲಿಗೇ ಬೀಳುತ್ತಾನೆ. ತಾಲ್ಲೂಕು ಪಂದ್ಯಾವಳಿ ಬಂದಿದೆ, ಇವನಿಲ್ಲದೆ ಗೆಲ್ಲಲಾಗದು ಎಂದು ಒತ್ತಾಯಿಸುವ ಹಿರಿಯರು ಆ ಕೈ ಇನ್ನೂ ಐವತ್ತು ವರ್ಷ ದುಡಿಯಬೇಕಾದ ಕೈ ಎಂಬುದನ್ನು ನೆನೆಯಬೇಕು. ಇತ್ತ "ಆಟ ಬೇಡ" ಎಂಬ ತೀರ್ಪನ್ನು ಒಂದೇ ಸಂಜೆಯಲ್ಲಿ ಕೊಡುವ ತಂದೆತಾಯಂದಿರೂ ಆ ಆರು ವಾರ ಮೌನದಿಂದಿರುವುದು ಲೇಸು. ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ. ಹುಡುಗನಿಗೆ ಗಾಯವಾದರೆ "ವಾಸಿಯಾದ ಮೇಲೆ ನೋಡೋಣ" ಎನ್ನುವ ಮನೆಯೇ ಹುಡುಗಿಗೆ ಗಾಯವಾದರೆ ಬಾಗಿಲನ್ನೇ ಮುಚ್ಚಿಬಿಡುವುದುಂಟು. ಕೀಲಿಗೂ ರಜ್ಜುವಿಗೂ ಈ ಭೇದ ತಿಳಿಯದು.

ಚಂದ್ರಶೇಖರರ ಬಾಳಿನಲ್ಲಿ ಇನ್ನೊಂದು ಅಧ್ಯಾಯವಿದೆ. ಅದನ್ನು ಹೇಳದೆ ಬಿಟ್ಟರೆ ಕಥೆಯು ಸಿಹಿಯಾದೀತು, ಸತ್ಯವಾಗದು. ನಿವೃತ್ತಿಯ ಬಳಿಕ 1991ರಲ್ಲಿ ಬೆಂಗಳೂರಿನಲ್ಲಿ ಲಾರಿಯೊಂದು ಬಡಿದು ಅವರ ಕಾಲುಗಳಿಗೆ ತೀವ್ರವಾದ ಪೆಟ್ಟಾಯಿತು. ಮೂರು ತಿಂಗಳು ಆಸ್ಪತ್ರೆಯಲ್ಲೇ ಕಳೆಯಬೇಕಾಯಿತು. ಪೋಲಿಯೋವನ್ನೂ ಸ್ಕೂಟರ್ ಅಪಘಾತವನ್ನೂ ಗೆದ್ದಂತೆ ಅವರು ಈ ಪೆಟ್ಟನ್ನು ಪೂರ್ಣವಾಗಿ ಗೆಲ್ಲಲು ಆಗಲಿಲ್ಲ. ನಡಿಗೆಗೆ ಊರುಗೋಲಿನ ಆಸರೆ ಬೇಕಾಯಿತು. ಎಲ್ಲ ಗಾಯಗಳೂ ವಾಸಿಯಾಗುವುವೆಂದು ಯಾರೂ ಮಾತು ಕೊಡಲಾರರು. ಆದರೂ ಊರುಗೋಲಿನೊಡನೆ ಅವರು ಸಮಾರಂಭಗಳಿಗೆ ಬಂದರು, ಹಳೆಯ ಒಡನಾಡಿಗಳೊಡನೆ ನಕ್ಕರು, ಕಿರಿಯರ ಬೌಲಿಂಗಿನ ಬಗ್ಗೆ ಮಾತನಾಡಿದರು.

ಅವರ ತೋಳನ್ನು ಸೊರಗಿಸಿದ ಪೋಲಿಯೋ ಈಗ ಭಾರತದಲ್ಲಿಲ್ಲ. 1995ರಲ್ಲಿ ಆರಂಭವಾದ ಪಲ್ಸ್ ಪೋಲಿಯೋ ಆಂದೋಲನದ ಫಲವಾಗಿ 2014ರ ಮಾರ್ಚ್ 27ರಂದು ಈ ದೇಶವು ಪೋಲಿಯೋ ಮುಕ್ತವೆಂದು ಘೋಷಿತವಾಯಿತು. ಬಿಳಿಗಿರಿಯ ಪೋಡುಗಳಿಂದ ಹಿಡಿದು ಗುಂಡ್ಲುಪೇಟೆಯ ಬಸ್ ನಿಲ್ದಾಣದವರೆಗೆ ಎರಡು ಹನಿ ಔಷಧವನ್ನು ಹೊತ್ತು ನಡೆದ ದಾದಿಯರ, ಅಂಗನವಾಡಿ ಕಾರ್ಯಕರ್ತೆಯರ ಹೆಸರುಗಳು ಯಾವ ವಿಸ್ಡನ್ನಿನಲ್ಲೂ ಅಚ್ಚಾಗಲಿಲ್ಲ. ಆದರೆ ಬಯಲಿನಲ್ಲಿ ಕೋಲು ನೆಟ್ಟು ಆಡುವ ಇಂದಿನ ಮಕ್ಕಳ ಎರಡು ಕೈಗಳೂ ಸಮವಾಗಿ ಬೆಳೆದಿರುವುದು ಅವರಿಂದ. ಅಂಥ ಕೈಗೆ ಪೆಟ್ಟಾದ ದಿನ ಅದಕ್ಕೆ ಬೇಕಾದುದು ಸರಿಯಾದ ವೈದ್ಯ, ಸಾಕಷ್ಟು ಕಾಲ, ಮತ್ತು ಅವಸರದ ತೀರ್ಪು ಕೊಡದ ಒಂದು ಮನೆ.